ಹನ್ನೊಂದನೆಯ ಸಲ ಕಾಸಿದ ಹಲಗಿ

೨೦೨೩ರ ಮೇ ಹದಿನಾಲ್ಕು, ರವಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹದಿನೆಂಟು ನಿಮಿಷಕ್ಕೆ ಸುನೀಲಕುಮಾರ ಇಂಡಿ ಪಟ್ಟಣದ ಒಂದು ಲಾಡ್ಜಿನ ಮಾಳಿಗೆ ಮೇಲೆ ಕುಕ್ಕರಗಾಲಲ್ಲಿ ಕೂತು ತಮಟೆಯಂಥ ಹಲಗಿ ಕಾಸುತ್ತಿದ್ದ. ಅವತ್ತಿನ ಮಟ್ಟಿಗೆ ಅದು ಹನ್ನೊಂದನೆಯ ಸಲ. ಮೂರು ಇಟ್ಟಂಗಿಗಳ ನಡುವೆ ಜೋಳದ ಒಣದಂಟಿನ ಕಣಕಿ ಚಟಚಟ ಉರಿಯುತ್ತಿತ್ತು. ಉರಿಗಿಂತ ಒಂದು ಗೇಣು ಮೇಲೆ ಹಲಗಿಯ ತೊಗಲನ್ನು ರೊಟ್ಟಿ ತಿರುವಿದಂತೆ ತಿರುವುತ್ತಿದ್ದ. ಬಿಸಿಲು ನಲವತ್ತೆರಡು ಡಿಗ್ರಿ. ಕೆಳಗೆ ಸ್ಟುಡಿಯೋ ಮಾಡಿಕೊಂಡಿದ್ದ ಎಸಿ ಕೋಣೆಯಲ್ಲಿ ಹತ್ತೊಂಬತ್ತು. ನಡುವೆ ಮೂವತ್ತನಾಲ್ಕು ಮೆಟ್ಟಿಲು. ಬೆಂಕಿಯಿಂದ ಎತ್ತಿದ ಹಲಗಿ ತನ್ನ ಖರೆ ದನಿ ಕಳೆದುಕೊಳ್ಳುವುದರೊಳಗೆ ಮೈಕಿನ ಮುಂದೆ ಇರಬೇಕಾಗಿತ್ತು. ಹಾಗಾಗಿ ಅವನು ಆ ಮೆಟ್ಟಿಲುಗಳನ್ನು ಪ್ರತಿ ಸಲ ಓಡಿಯೇ ಇಳಿಯುತ್ತಿದ್ದ.

ತೊಗಲು ಹದಕ್ಕೆ ಬಂದಿದೆಯೋ ಇಲ್ಲವೋ ನೋಡಲು ಅವನ ಅಪ್ಪ ಧರೆಪ್ಪ ಹಲಗಿಯನ್ನು ಕೆನ್ನೆಯ ಹತ್ತಿರ ಹಿಡಿಯುತ್ತಿದ್ದ. ಕೆನ್ನೆ ತಾಳಬೇಕು, ಕಣ್ಣಿಗೆ ನೀರು ಬರಬಾರದು, ಅದು ಲೆಕ್ಕ. ಮಗ ಅದನ್ನೇ ಒಮ್ಮೆ ಕಾಲೇಜಿನ ಥರ್ಮಾಮೀಟರಿನಿಂದ ಅಳೆದು ನೋಡಿದ್ದ. ಐವತ್ತೆರಡು ಡಿಗ್ರಿ, ಒಂದರ್ಧ ಹೆಚ್ಚು ಕಡಿಮೆ. ಹತ್ತು ಸಲವೂ ಅವನು ಕೆನ್ನೆಗೆ ಹಿಡಿದು ನೋಡಿಯೇ ಇಳಿದಿದ್ದ.

ಹನ್ನೊಂದನೆಯ ಸಲ ಕೆಳಗಿನಿಂದ ಕೂಗು ಬಂತು. ಬೆಂಗಳೂರಿನಿಂದ ಬಂದಿದ್ದ ಸೌಂಡ್ ಎಂಜಿನಿಯರ್ ನಿಷತ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು.

"ಸುನೀಲ್ ಅವರೇ, ಬೇಗ ಬನ್ನಿ. ಹನ್ನೆರಡಕ್ಕೆ ರೂಮ್ ಬಿಡಬೇಕು."

"ಬಂದ್ನಿರಿ ಮೇಡಂ!"

ಆ ಒಂದು ಸಲ ಅವನು ಕೆನ್ನೆಗೆ ಹಿಡಿದು ನೋಡಲಿಲ್ಲ.

ಸುನೀಲಕುಮಾರನಿಗೆ ಆಗ ಮೂವತ್ತಾರು ವರ್ಷ. ಸಿಂದಗಿಯ ಒಂದು ಪಿಯು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕ. ಲೋಲಕದ ದಾರ ಕಟ್ಟುವುದು, ಸ್ಟಾಪ್‌ವಾಚಿಗೆ ಸೆಲ್ ಹಾಕುವುದು, ಒಡೆದ ಮಸೂರ ಯಾರ ಕೈಯಲ್ಲಿ ಒಡೆಯಿತೆಂದು ಬರೆದಿಡುವುದು ಅವನ ಕೆಲಸ. ಒಂದೇ ರೀಡಿಂಗ್ ತೆಗೆದುಕೊಂಡು ಓಡುವ ಹುಡುಗರಿಗೆ ಅವನು ಹೇಳುವ ಮಾತು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು: "ಆರು ತಗೋರಿ. ಒಂದು ಸುಳ್ಳು ಹೇಳಿದ್ರ ಉಳಿದ ಐದು ಹಿಡಿದು ಹಾಕ್ತಾವ." ಹುಡುಗರು ಅವನಿಗೆ ಹಿಂದಿನಿಂದ 'ಆರ್ ರೀಡಿಂಗ್ ಸರ್' ಅನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು, ಒಳಗೊಳಗೇ ಸಂತೋಷವೂ ಇತ್ತು.

ಯಂಕಂಚಿಯ ಆಚೆ ಒಂದು ಸಣ್ಣ ಊರು ಅವನದು. ಅಪ್ಪ ಧರೆಪ್ಪ ಒಂದು ಕಾಲಕ್ಕೆ ಆ ಸೀಮೆಯಲ್ಲೆಲ್ಲ ಹೆಸರಾದ ಹಲಗಿಯವ. ಮದುವೆಗೆ, ಮಣ್ಣಿಗೆ, ಡಂಗುರಕ್ಕೆ, ಎಲ್ಲದಕ್ಕೂ ಕರೆ ಬರುತ್ತಿತ್ತು. ಕರೆದವರ ಬಾಗಿಲ ಮುಂದೆ ತಾಸುಗಟ್ಟಲೆ ನಿಂತು ಬಾರಿಸಬೇಕು. ಹಲಗಿ ಹಿಡಿದವ ಆ ಅಂಗಳದಲ್ಲಿ ಕೂರುವಂತಿರಲಿಲ್ಲ. ೧೯೯೪ರಲ್ಲಿ ಕೇರಿಯ ಮಂದಿ ಮನೆಯ ಜಾಗ ಕೇಳಲು ಸಿಂದಗಿಯ ತಹಶೀಲ್ದಾರ ಕಚೇರಿಗೆ ಹದಿನಾರು ಕಿಲೋಮೀಟರು ನಡೆದು ಹೊರಟಾಗ ಧರೆಪ್ಪ ಮುಂದೆ ನಿಂತು ಹಲಗಿ ಹಿಡಿದ. ಅದು ಯಾರೂ ಕರೆದು ಬಾರಿಸಿದ್ದಲ್ಲ. ಮೊದಲಿಗೆ ಮುದುಕಿಯರ ಕಾಲಿಗೆ ತಕ್ಕಂತೆ ನಿಧಾನ ಶುರು ಮಾಡಿದ. ಸಿಂದಗಿ ಹತ್ತಿರವಾದಂತೆ ಮಂದಿಯ ಕಾಲು ತಾವಾಗಿ ಬಿರುಸಾದವು, ಕಾಲಿನ ಹಿಂದೆ ಕೈಯೂ ಹೋಯಿತು. ಕಚೇರಿಯ ಗೇಟು ಮುಟ್ಟಿದಾಗ ಎರಡೂ ಕೋಲು ಸೇರಿಸಿ ನಟ್ಟನಡುವೆ ಒಂದೇ ಒಂದು ಪೆಟ್ಟು ಹೊಡೆದು ಕೈ ನಿಲ್ಲಿಸಿದ. ಅದಕ್ಕೆ 'ಮುಟ್ಟಿದ ಪೆಟ್ಟು' ಎಂದು ಹೆಸರಾಯಿತು. ಮೂವತ್ತೆಂಟು ಮನೆಗಳಿಗೆ ಜಾಗ ಸಿಕ್ಕಿತು. ಧರೆಪ್ಪ ಅದೇ ವರ್ಷ ಬೌದ್ಧನಾದ, ಹಲಗಿಯನ್ನು ಗೂಟಕ್ಕೆ ಹಾಕಿದ, ರಸ್ತೆ ಕೆಲಸಕ್ಕೆ ಹೋದ.

ಮಗ ಆ ಹಲಗಿಯನ್ನು ಗೂಟದಿಂದ ಇಳಿಸಿಕೊಡು ಎಂದು ಕೇಳಿದ್ದು ಇಪ್ಪತ್ತೆರಡು ವರ್ಷದ ಮೇಲೆ, ಬ್ಯಾಂಡ್ ಕಟ್ಟಿದಾಗ. ಧರೆಪ್ಪ ಎರಡು ಮಾತು ಹಾಕಿ ಕೊಟ್ಟ.

"ಕುಂತ ಬಾರಿಸಬೇಕು. ಯಾರ ಬಾಗಲದಾಗೂ ಬಾರಿಸಬಾರದು."

ಸುನೀಲಕುಮಾರ ಒಂದು ಮಡಚುವ ಕಬ್ಬಿಣದ ಕುರ್ಚಿ ಕೊಂಡ. ಎಲ್ಲಿ ಕಾರ್ಯಕ್ರಮವಿದ್ದರೂ ಬೈಕಿನ ಹಿಂದೆ ಹಲಗಿಗಿಂತ ಮೊದಲು ಕುರ್ಚಿ ಕಟ್ಟುತ್ತಿದ್ದ.

ಬ್ಯಾಂಡಿನ ಹೆಸರು 'ಎರಿ'. ಎರಿ ಅಂದರೆ ಈ ಕಡೆಯ ಕರಿಮಣ್ಣು. ನಾಲ್ಕು ಮಂದಿ, ನಾಲ್ಕು ಊರು. ಗಿಟಾರಿನ ಸಂಗಮೇಶ ಇಂಡಿಯ ನಿಂಬಿಹಣ್ಣಿನ ವ್ಯಾಪಾರಸ್ಥರ ಮಗ, ಮಾತುಗಾರ. ಹಾಡುವ ಭುವನೇಶ್ವರಿ ಬಸವನ ಬಾಗೇವಾಡಿಯ ಸಾಲಿ ಟೀಚರು. ಬೇಸ್ ಗಿಟಾರಿನ ಸಿದ್ದಾರೂಢ ಮುದ್ದೇಬಿಹಾಳದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ನಾಲ್ಕನೆಯವ ಸಿಂದಗಿಯ ಸುನೀಲಕುಮಾರ. ತಿಂಗಳಿಗೆ ಎರಡು ರವಿವಾರ ಸಂಗಮೇಶನ ಅಪ್ಪನ ನಿಂಬಿಹಣ್ಣಿನ ಗೋದಾಮಿನಲ್ಲಿ ಸೇರುತ್ತಿದ್ದರು. ಗೋಡೆಗೆ ದನಿ ತಿರುಗಿ ಬಡಿಯಬಾರದೆಂದು ಗೋಣಿಚೀಲ ತೂಗುಹಾಕಿದ್ದರು. ಒಂದು ಗೋಡೆಯ ಮೇಲೆ ಸಂಗಮೇಶನೇ ಸುಣ್ಣದಿಂದ ಬರೆದಿದ್ದ: 'ನಾಲ್ವರೂ ಹೂಂ ಅನ್ನದ ಹಾಡು ಈ ಬಾಗಿಲು ದಾಟುವುದಿಲ್ಲ.'

ಏಳು ವರ್ಷದಲ್ಲಿ ಹನ್ನೆರಡು ಹಾಡು ಬಾಗಿಲು ದಾಟಿದವು. ಕಡೆಯದು ಧರೆಪ್ಪನ ನಡಿಗೆ, ಆ ಹದಿನಾರು ಕಿಲೋಮೀಟರಿನ ಹಲಗಿ. ಅದಕ್ಕೆ ಒಂದು ಕಾರಣವಿತ್ತು. ೨೦೧೯ರಲ್ಲಿ ಲಕ್ವ ಹೊಡೆದು ಧರೆಪ್ಪನ ಬಲಗೈ ಬಿದ್ದುಹೋಗಿತ್ತು. ಆ ನಡಿಗೆಯನ್ನು ಬಲ್ಲ ಕೈ ಲೋಕದಲ್ಲಿ ಇನ್ನೊಂದೇ ಉಳಿದಿತ್ತು, ಅವನಿಂದ ಕಲಿತ ಮಗನದು. ಮಗ ಸ್ಟಾಪ್‌ವಾಚು ಹಿಡಿದು ಅದನ್ನು ಅಳೆದಿಟ್ಟಿದ್ದ: ಶುರುವಿಗೆ ನಿಮಿಷಕ್ಕೆ ತೊಂಬತ್ತೆರಡು ಪೆಟ್ಟು, ಕಡೆಗೆ ನೂರಾನಾಲ್ಕು, ನಾಲ್ಕೂವರೆ ನಿಮಿಷದಲ್ಲಿ ಹನ್ನೆರಡರ ಏರು. ಹೊರ್ತಿಯಲ್ಲಿ ನುಡಿಸಿದಾಗ ಯಾರೋ ಫೋನಿನಲ್ಲಿ ಹಿಡಿದ ವಿಡಿಯೋವನ್ನು ಲಕ್ಷಗಟ್ಟಲೆ ಮಂದಿ ನೋಡಿದರು. ಬೆಂಗಳೂರಿನ ಒಂದು ಕಂಪನಿಯಿಂದ ಫೋನು ಬಂತು. ಹಾಡು ನಾವು ಹೊರತರುತ್ತೇವೆ, ಎಂಜಿನಿಯರರನ್ನು ಕಳಿಸುತ್ತೇವೆ ಎಂದರು.

ಸುನೀಲಕುಮಾರ ಅಪ್ಪನಿಗೆ ಹೇಳಿದ: "ಅಪ್ಪಾ, ನಿಂದು ನಡಿಗಿ ರೆಕಾರ್ಡ್ ಆಗ್ತೈತಿ."

ಒಂದು ಸಲವೂ ಬ್ಯಾಂಡಿನ ಕಾರ್ಯಕ್ರಮಕ್ಕೆ ಬರದಿದ್ದ ಧರೆಪ್ಪ ಹಾಸಿಗೆಯಲ್ಲೇ ತಲೆ ಎತ್ತಿ ಕೇಳಿದ್ದು ಒಂದೇ ಮಾತು. "ಕಡೀತನಕ ಆಗ್ತೈತೇನು?"

"ಕಡೀತನಕ ಆಗ್ತೈತಿ."

ಇಷ್ಟೇ ಅವನು ಕೊಟ್ಟ ಮಾತು. ಆ ಲಾಡ್ಜಿಗೆ ಅವನು ಹೊತ್ತುಕೊಂಡು ಹೋದದ್ದೂ ಇಷ್ಟೇ.

ಶನಿವಾರ, ಮೊದಲ ದಿನ, ನಿಷತ ಅವನ ಕಿವಿಗೆ ಹೆಡ್‌ಫೋನು ಹಾಕಿಸಿದಳು. ಅದರೊಳಗೆ ಗಡಿಯಾರದಂತೆ ಟಿಕ್ ಟಿಕ್ ಬರುತ್ತಿತ್ತು. ಅವನು ಕುರ್ಚಿಯ ಮೇಲೆ ಕೂತು ಬಾರಿಸಿದ. ಅರ್ಧ ನಿಮಿಷಕ್ಕೆ ಅವಳು ಕೈ ಎತ್ತಿದಳು.

"ಸುನೀಲ್ ಅವರೇ, ನೀವು ಓಡ್ತಾ ಇದ್ದೀರಿ."

"ಓಡಾಕತ್ತಿಲ್ರಿ ಮೇಡಂ. ನಡ್ಯಾಕತ್ತೇನಿ."

"ಕಂಪನಿ ನೂರು ಕೇಳಿದೆ. ಮೊದಲಿಂದ ಕೊನೆತನಕ ನೂರು. ಹಾಡನ್ನ ಎಲ್ಲಿ ಕತ್ತರಿಸಿದರೂ ಇನ್ನೊಂದು ಹಾಡಿಗೆ ಅಂಟಬೇಕು. ಇಲ್ಲಾಂದ್ರೆ ಡಿಜೆಯವರು ಮುಟ್ಟೋದಿಲ್ಲ."

"ಕುಣಿಯಾವ್ರು ನಿಂತಲ್ಲೇ ಕುಣೀತಾರ್ರಿ, ಅವರಿಗೆ ನೂರು ಸಾಕು. ಇವರು ಎಲ್ಲಿಗೋ ಹೊಂಟಾರ. ಊರು ಹತ್ರ ಬಂದಂಗ ಕಾಲು ಜೋರಾಗ್ತಾವ."

ಸಂಗಮೇಶ ಗಿಟಾರಿನ ಮೇಲಿಂದ ತಲೆ ಎತ್ತಿದ. "ಲೇ ಸುನ್ಯಾ, ನಿಮ್ಮಪ್ಪ ಹೊಂಟು ಮೂವತ್ತು ವರ್ಷ ಆತು. ಇನ್ನಾ ತಹಶೀಲ್ದಾರ ಕಚೇರಿ ಮುಟ್ಟಿಲ್ಲೇನು?"

ಎಲ್ಲರೂ ನಕ್ಕರು. ಸುನೀಲಕುಮಾರನೂ ನಕ್ಕ. ಆದರೆ ಮತ್ತೆ ಬಾರಿಸಿದಾಗ ಕೈ ಮತ್ತೆ ಏರಿತು. ಮೂರನೆಯ ಸಲವೂ ಏರಿತು. ಎಂಟನೆಯ ಸಲ ಭುವನೇಶ್ವರಿ, "ಸಾಕ್ರಿ ಮೇಡಂ, ಸುನೀಲಣ್ಣ ಹೆಂಗ ಬಾರಿಸ್ತಾನೋ ಹಂಗ ಹಿಡೀರಿ. ಅವ ಇಲ್ಲಂದ್ರ ಹಾಡ ಇಲ್ಲ," ಎಂದಳು. ಸಂಗಮೇಶ ಹೊರಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ ಬಂದ. ಬಂದವ ಸುನೀಲಕುಮಾರನ ಹೆಗಲ ಮೇಲೆ ಕೈ ಹಾಕಿ, "ಆತು ದೋಸ್ತ, ನಿನ್ನ ನಡಿಗಿ ನಿನಗ," ಎಂದ.

ರವಿವಾರ ಬೆಳಿಗ್ಗೆ ನಿಷತ ಒಂದು ಸಹಾಯ ಕೇಳಿದಳು. ಪೂರ್ತಿ ನಡಿಗೆಯನ್ನು ಸಂಜೆ ಹಿಡಿಯೋಣ. ಅದಕ್ಕೆ ಮೊದಲು ಒಂದೊಂದೇ ಪೆಟ್ಟು ಬಿಡಿಬಿಡಿಯಾಗಿ ಕೊಡಿ, ಬ್ಯಾಕಪ್ಪಿಗೆ ಇರಲಿ. ಎಷ್ಟು ಥರದ ಪೆಟ್ಟು ಇವೆ ನಿಮ್ಮ ಹತ್ತಿರ?

ಇಂಥ ಪ್ರಶ್ನೆಯನ್ನು ಸುನೀಲಕುಮಾರನಿಗೆ ಯಾರೂ ಕೇಳಿರಲಿಲ್ಲ. ಅವನ ಚೀಲದಲ್ಲಿ ಒಂದು ಇನ್ನೂರು ಪುಟದ ನೋಟಬುಕ್ಕು ಇತ್ತು. ಹನ್ನೊಂದು ಥರ. ಅಂಚಿನದು, ನಡುವಿನದು, ಎಡಗೈ ಕಡ್ಡಿಯದು, ಬಲಗೈ ಕೋಲಿನದು, ಬೆರಳಿನಿಂದ ತಡೆದದ್ದು, ಬಿಟ್ಟದ್ದು. ಪ್ರತಿಯೊಂದಕ್ಕೂ ತೊಗಲ ಮೇಲಿನ ಜಾಗ, ಕೋಲಿನ ಕೋನ, ದನಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಕೋಷ್ಟಕ ಹಾಕಿ ಬರೆದಿತ್ತು. ನಡಿಗೆಯಲ್ಲಿ ಯಾವ ಪೆಟ್ಟಿನ ಹಿಂದೆ ಯಾವುದು ಬರುತ್ತದೆ ಎಂಬುದೂ ಸಾಲುಸಾಲಾಗಿ ಇತ್ತು. ನಿಷತ ಪುಟ ಮಗುಚುತ್ತ ಹೋದಳು.

"ಇದರ ಫೋಟೋ ತಗೋಬಹುದಾ?"

"ಅದಕ್ಕೇನ್ರಿ, ತಗೋರಿ. ಮೂರನೇ ಪುಟದಾಗ ಒಂದು ತಪ್ಪೈತಿ, ತಿದ್ದಿ ಕೊಡ್ತೇನಿ, ತಡೀರಿ."

ತಿದ್ದಿ ಕೊಟ್ಟ. ಹನ್ನೊಂದು ಥರ, ಥರಕ್ಕೆ ಆರು ರೀಡಿಂಗು, ಒಟ್ಟು ಅರವತ್ತಾರು ಎಂದು ಅವನೇ ಲೆಕ್ಕ ಹಾಕಿದ. ಆರೇ ಯಾಕೆ ಎಂದು ಅವಳು ಕೇಳಲಿಲ್ಲ. ಒಂದು ಸಲ ಕಾಸಿದರೆ ಆರು ಪೆಟ್ಟಿನ ತನಕ ತೊಗಲು ಬಿಗಿ ಇರುತ್ತದೆ. ಥರಕ್ಕೊಂದು ಸಲ ಕಾಸಿದರೆ ಹಿಂದೆಮುಂದಾಗುವುದಿಲ್ಲ ಎಂದು ಅವನೇ ವಿವರಿಸಿದ. ಹೀಟರು ತರಿಸುತ್ತೇನೆ ಎಂದರೆ ಬೇಡವೆಂದ. ಹೀಟರಿನ ಬಿಸಿ ಒಂದೇ ಕಡೆ ಕೂಡುತ್ತದೆ, ಕಣಕಿಯ ಉರಿಯೇ ಆಗಬೇಕು. ಪೆಟ್ಟುಗಳು ಆಮೇಲೆ ಕಲಸಿಹೋಗಬಾರದೆಂದು ಪ್ರತಿ ಪೆಟ್ಟಿಗೆ ಮೊದಲು ಮೈಕಿನಲ್ಲಿ ಅರವತ್ತಾರರಲ್ಲಿ ಅದರ ಅಂಕಿಯನ್ನು ಬಾಯಿಂದ ಹೇಳುವ ಪದ್ಧತಿಯನ್ನೂ ಅವನೇ ಹಾಕಿಕೊಂಡ. ಒಂದು. ಎರಡು. ಮೂರು. ಗೋಡೆಗೆ ಆನಿಸಿದ ಲಾಡ್ಜಿನ ಹಾಸಿಗೆಗಳಿಗೆ ಬೆನ್ನು ಕೊಟ್ಟು ಮೂವರು ಗೆಳೆಯರು ಮೊಬೈಲು ನೋಡುತ್ತ ಕೂತಿದ್ದರು. ಅವನು ಮೇಲೆ ಹತ್ತಿದ, ಕಾಸಿದ, ಇಳಿದ, ಅಂಕಿ ಹೇಳಿದ, ಹೊಡೆದ. ಭುವನೇಶ್ವರಿ ಒಂದೆರಡು ಸಲ ಏನೋ ಹೇಳಲು ಹೋಗಿ ನೀರಿನ ಬಾಟಲಿ ಮುಂದೆ ಹಿಡಿದಳು.

"ಕುಡಿ ಅಣ್ಣಾ. ಬೆವತೀದಿ."

ಹನ್ನೊಂದನೆಯ ಥರವೇ ಮುಟ್ಟಿದ ಪೆಟ್ಟು. ಅದನ್ನು ಅಪ್ಪ ಬದುಕಿನಲ್ಲಿ ಒಂದೇ ಸಲ ಹೊಡೆದಿದ್ದ. ಮಗ ಹಾಡಿನ ಕಡೆಗೆ ಒಂದೇ ಸಲ ಹೊಡೆಯುತ್ತಿದ್ದ. ಅದಕ್ಕೂ ಆರು ರೀಡಿಂಗು ಬೇಕೇ ಎಂದು ಒಂದು ಗಳಿಗೆ ಅನುಮಾನಿಸಿದ. ಪದ್ಧತಿ ಅಂದರೆ ಪದ್ಧತಿ ಎಂದುಕೊಂಡ. ಮೂವತ್ತನಾಲ್ಕು ಮೆಟ್ಟಿಲು ಓಡಿ ಇಳಿದು, ಕುರ್ಚಿಯ ಮೇಲೆ ಕೂತು, ಏದುಸಿರಿನಲ್ಲೇ ಮೈಕಿಗೆ ಅಂಕಿ ಹೇಳಿ, ಎರಡೂ ಕೋಲು ಎತ್ತಿ ನಟ್ಟನಡುವೆ ಹೊಡೆದ.

ತೊಗಲು ಹರಿಯಿತು.

ಐವತ್ತೆರಡು ಡಿಗ್ರಿ ಯಾವಾಗಲೋ ದಾಟಿ ಹೋಗಿತ್ತು. ಒಣಗಿ ಕಡಕಾದ ತೊಗಲು, ಮೇಲೆ ಎಸಿಯ ತಂಡಿ, ಅದರ ಮೇಲೆ ಎರಡು ಕೋಲಿನ ಪೆಟ್ಟು. ನಡುವಿನಿಂದ ಅಂಚಿನ ತನಕ ಹದಿನಾಲ್ಕು ಸೆಂಟಿಮೀಟರು ಬಾಯಿ ಬಿಟ್ಟಿತು. ಪೆಟ್ಟಿನ ದನಿ, ಅದರ ಬೆನ್ನಿಗೇ ಒಂದು ಸೀಳು ದನಿ, ಆಮೇಲೆ ಸುನೀಲಕುಮಾರನ ಬಾಯಿಂದ ಒಂದು ಸಣ್ಣ "ಹಾ".

"ಅಯ್ಯೋ," ಎಂದಳು ನಿಷತ. ಆಮೇಲೆ ಹೆಡ್‌ಫೋನನ್ನು ಕಿವಿಗೆ ಒತ್ತಿ ಅದನ್ನೇ ಮತ್ತೆ ಕೇಳಿದಳು. ಇನ್ನೊಮ್ಮೆ ಕೇಳಿದಳು. ಸಂಗಮೇಶನ ಕಡೆ ತಿರುಗಿ, "ಇದು ತುಂಬಾ ಚೆನ್ನಾಗಿದೆ," ಎಂದಳು.

"ಇನ್ನಾ ಐದು ಉಳದಾವ್ರಿ," ಎಂದ ಸುನೀಲಕುಮಾರ, ಹರಿದ ತೊಗಲಿನ ಎರಡು ಅಂಚನ್ನು ಬೆರಳಿನಿಂದ ಸೇರಿಸಿ ಹಿಡಿದುಕೊಂಡು.

"ಬಿಡೋ ಮಾರಾಯಾ," ಎಂದ ಸಂಗಮೇಶ. "ಐದು ರೀಡಿಂಗ್ ಕಮ್ಮಿ ಆದ್ರ ಯಾರೂ ನಿನ್ನ ಫೇಲ್ ಮಾಡಂಗಿಲ್ಲ."

ಹನ್ನೆರಡಕ್ಕೆ ಕೋಣೆ ಖಾಲಿಯಾಯಿತು. ಸಂಜೆಯ ರೆಕಾರ್ಡಿಂಗ್ ಎಲ್ಲಿ, ಎಷ್ಟು ಗಂಟೆಗೆ ಎಂದು ಅವನು ಕೇಳಿದಾಗ, ಹೊಸ ತೊಗಲು ಹಾಕಿಸಿಕೊಂಡು ತಿಳಿಸಿ ಎಂದರು.

ಹೊಸ ತೊಗಲು ಹಾಕುವುದಕ್ಕೆ ಎಂಟು ದಿನ ಹಿಡಿಯಿತು. ಆಡಿನ ತೊಗಲು ತಂದು, ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ತೆಗೆದು, ಹಲಗಿಯ ದುಂಡು ಬಳೆಗೆ ಎಳೆದು ಬಿಗಿದ. ಕೆಲಸವೆಲ್ಲ ಕಾಲೇಜಿನ ಹಿಂದಿನ ಶೆಡ್ಡಿನಲ್ಲಿ, ಅಪ್ಪನ ಕಣ್ಣಿಗೆ ಬೀಳದ ಹಾಗೆ. ಮನೆಯಲ್ಲಿ ಹಲಗಿ ಎಲ್ಲಿ ಎಂದು ಧರೆಪ್ಪ ಕೇಳಿದಾಗ, "ಗೋದಾಮಿನ್ಯಾಗ ಐತಿ ಅಪ್ಪಾ," ಎಂದ. ಹೆಂಡತಿ ಪ್ರಜ್ಞಾ ಒಬ್ಬಳಿಗೆ ನಿಜ ಗೊತ್ತಿತ್ತು. ತೊಗಲು ಸಿದ್ಧವಾಯಿತೆಂದು ಸಂಗಮೇಶನಿಗೆ ಮೆಸೇಜು ಹಾಕಿದ. ಎರಡು ನೀಲಿ ಗೆರೆ ಬಿದ್ದವು. ಉತ್ತರ ಬರಲಿಲ್ಲ. ಮುಂದಿನ ರವಿವಾರ, ಅದರ ಮುಂದಿನ ರವಿವಾರ ಗೋದಾಮಿಗೆ ಬೀಗವಿತ್ತು.

ಹಾಡು ಬಂದದ್ದು ಆಗಸ್ಟ್ ಮೂರಕ್ಕೆ. ಬೆಳಿಗ್ಗೆ ಪ್ರಜ್ಞಾಳ ಫೋನಿಗೇ ಮೊದಲು ಬಂತು. ಅವಳು ಸಂತೋಷದಲ್ಲಿ ಕೇಳದೆಯೇ ಅದನ್ನು ಸಣ್ಣ ಸ್ಪೀಕರಿಗೆ ಜೋಡಿಸಿ ಮಾವನ ಹಾಸಿಗೆಯ ಪಕ್ಕಕ್ಕೆ ಇಟ್ಟಳು. "ಮಾವಾ, ನಿಮ್ಮ ನಡಿಗಿ ಬಂತು ನೋಡ್ರಿ." ಸುನೀಲಕುಮಾರ ಹೊಸ್ತಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದ. ಒಂದು ಬೂಟಿಗೇ ನಿಂತ.

ಧರೆಪ್ಪ ಎಡಗೈಯಿಂದ ಮಂಚದ ಪಟ್ಟಿಯ ಮೇಲೆ ತಾಳ ಹಿಡಿದ. ಇಪ್ಪತ್ತು ಸೆಕೆಂಡಿಗೆ ಅವನ ಬೆರಳು ಹಾಡಿಗಿಂತ ಮುಂದೆ ಹೋಯಿತು. ನಿಂತು, ಕಾದು, ಮತ್ತೆ ಹಿಡಿದ. ಮತ್ತೆ ಮುಂದೆ ಹೋಯಿತು. ಕೈ ತೆಗೆದು ಎದೆಯ ಮೇಲೆ ಇಟ್ಟುಕೊಂಡ.

"ಯಾರ ಬಾರಿಸ್ಯಾರ ಇದನ್ನ?"

"ನಾನ ಅಪ್ಪಾ."

"ಪೆಟ್ಟು ನಿಂದು. ನಡಿಗಿ ಯಾರದು?"

ಅಷ್ಟರಲ್ಲಿ ವಾದ್ಯಗಳೆಲ್ಲ ಒಮ್ಮೆಲೇ ನಿಂತವು. ಅರ್ಧ ಸೆಕೆಂಡು ಮೌನ. ಆ ಮೌನದಲ್ಲಿ ಒಬ್ಬ ಗಂಡಸು ಏದುಸಿರಿನಲ್ಲಿ ಒಂದು ಅಂಕಿ ಹೇಳಿದ. ಅದರ ಹಿಂದೆ ಮುಟ್ಟಿದ ಪೆಟ್ಟು, ಪೆಟ್ಟಿನ ಹಿಂದೆ ಆ ಸೀಳು ದನಿ. ಕೋಣೆಯೇ ಬಿರಿದ ಹಾಗೆ ದೊಡ್ಡದು ಮಾಡಿದ್ದರು. ಮತ್ತೆ ವಾದ್ಯ, ಮತ್ತೆ ಮೌನ, ಮತ್ತೆ ಅಂಕಿ, ಮತ್ತೆ ಸೀಳು. ಮೂರು ನಿಮಿಷದ ಹಾಡಿನಲ್ಲಿ ಒಂಬತ್ತು ಸಲ.

"ತೊಗಲು ಹರದೈತಿ," ಎಂದ ಧರೆಪ್ಪ.

ಪ್ರಜ್ಞಾ ಸ್ಪೀಕರ್ ಆರಿಸಲು ಕೈ ಚಾಚಿದಳು. ಮುದುಕ ಬೇಡವೆಂದು ಕಣ್ಣಿನಲ್ಲೇ ತಡೆದ. ಕಡೆಯ ತನಕ ಕೇಳಿದ. ಮಗ ಕಡೆಯ ತನಕ ಎಂದು ಮಾತು ಕೊಟ್ಟಿದ್ದನಲ್ಲ. ಮುಗಿದ ಮೇಲೆ ಗೋಡೆಯ ಕಡೆ ನೋಡುತ್ತ, ಬೈದ ಹಾಗಲ್ಲದೆ, ಹವೆ ಬಗ್ಗೆ ಹೇಳುವ ಹಾಗೆ ಹೇಳಿದ.

"ನಾ ಮಂದಿ ಬಾಗಲದಾಗ ನಿಂತು ಬಾರಿಸೇನಿ, ಖರೆ. ಆದ್ರ ಬಾರಿಸಾವ ನಾನ ಇದ್ದೆ."

ಅಂದಿನಿಂದ ಅವನು ಹಲಗಿಯ ಮಾತೆತ್ತಲಿಲ್ಲ. ಎಲ್ಲಿ ಎಂದೂ ಕೇಳಲಿಲ್ಲ.

ಮಧ್ಯಾಹ್ನ ಸುನೀಲಕುಮಾರ ಅರ್ಧ ದಿನ ರಜೆ ಬರೆದುಕೊಟ್ಟು ಇಂಡಿಗೆ ಹೋದ. ಗೋದಾಮಿನ ಬೀಗ ತೆಗೆದಿತ್ತು. ಮೂವರೂ ಇದ್ದರು, ಪೇಢೆಯ ಪೊಟ್ಟಣ ಬಿಚ್ಚಿತ್ತು. ಅವನು ಫೋನಿನಲ್ಲಿ ಹೆಸರುಗಳ ಪಟ್ಟಿ ತೆಗೆದು ಎದುರಿಗೆ ಹಿಡಿದ. 'ರಿದಮ್ ಪ್ರೋಗ್ರಾಮಿಂಗ್: ನಿಷತ.' ಅವನ ಬಿಡಿ ಪೆಟ್ಟುಗಳನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ಜೋಡಿಸಿದವಳು ಅವಳು. ಕೆಳಗೆ 'ವಿಶೇಷ ಕೃತಜ್ಞತೆ' ಎಂದು ಇಪ್ಪತ್ಮೂರು ಹೆಸರು. ಹತ್ತೊಂಬತ್ತನೆಯದು 'ಸುನೀಲ್, ಸಿಂದಗಿ'. ಹದಿನೆಂಟನೆಯದು ಲಾಡ್ಜಿನ ಮ್ಯಾನೇಜರರದು.

"ನಾಲ್ಕೂ ಮಂದಿ ಹೂಂ ಅನ್ನಬೇಕಾಗಿತ್ತು," ಎಂದ, ಗೋಡೆಯ ಕಡೆ ತೋರಿಸಿ.

"ನೀ ಹೂಂ ಅಂದಿಯಲ್ಲೋ," ಎಂದ ಸಂಗಮೇಶ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಆಶ್ಚರ್ಯವಿತ್ತು. "ಒಂದೊಂದು ಪೆಟ್ಟಿಗೂ ನಂಬರ ಹೇಳಿ ಹೇಳಿ ಕೊಟ್ಟಿ. ಬುಕ್ಕಾ ತಿದ್ದಿ ಕೊಟ್ಟಿ. ನಾವ್ಯಾರರೇ ನಿನ್ನ ಕೈ ಹಿಡದು ಹೊಡಿಸಿದ್ವೇನು? ಇದಕ್ಕಿಂತ ಹೂಂ ಅನ್ನೂದು ಹೆಂಗಿರ್ತೈತಿ, ನೀನ ಹೇಳು."

"ಸಂಜೀಕ ಪೂರ್ತಿ ಹಿಡಿತೇವಿ ಅಂದಿದ್ರಿ."

"ಹನ್ನೆರಡಕ್ಕ ರೂಮ್ ಬಿಡಬೇಕು ಅಂತಾನೂ ಅಂದಿದ್ವಿ. ದೊಡ್ಡ ಲೆಕ್ಕದ ಮನಷ್ಯಾ, ಅಷ್ಟ ಕಳೀಲಿಕ್ಕೆ ಬರಲಿಲ್ಲ ನಿನಗ?"

ಸುನೀಲಕುಮಾರ ಭುವನೇಶ್ವರಿಯ ಕಡೆ ನೋಡಿದ. ಅವಳು ಪೇಢೆಯ ಪೊಟ್ಟಣಕ್ಕೆ ಸುತ್ತಿದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

"ನಿನಗ ಗೊತ್ತಿತ್ತೇನವಾ?"

"ಶನಿವಾರ ಸಂಜೀಕನ ಗೊತ್ತಿತ್ತು ಅಣ್ಣಾ," ಎಂದಳು. "ನೀ ಅಷ್ಟು ಖುಷಿಲೆ ಮ್ಯಾಲ ಕೆಳಗ ಓಡ್ಯಾಡಾಕತ್ತಿದ್ದಿ. ನಡುವ ಹೆಂಗ ಹೇಳ್ಲಿ ಅನಿಸ್ತು."

ಸಿದ್ದಾರೂಢ ಅವತ್ತಿನ ತನ್ನ ಹತ್ತು ಮಾತಿನಲ್ಲಿ ನಾಲ್ಕನ್ನು ಖರ್ಚು ಮಾಡಿದ. "ಹಾಡು ಚೊಲೊ ಆಗೈತಿ, ಸುನೀಲಾ."

ಅದು ನಿಜವಾಗಿತ್ತು, ಅದೇ ಕೆಟ್ಟದ್ದು. ದಸರಾ ಹೊತ್ತಿಗೆ ಹಾಡು ಎಲ್ಲ ಕಡೆ ಇತ್ತು. ಮದುವೆಯ ಮೆರವಣಿಗೆಗೆ ಡಿಜೆ ಗಾಡಿ, ಅದರಲ್ಲಿ ಈ ಹಾಡು. ಹಲಗಿಯವರನ್ನು ಕರೆಯುವ ಮನೆಗಳೂ ಕರೆಯುವುದು ಬಿಟ್ಟವು. ಯಾಕಂದರೆ ಹಲಗಿ ಹಾಡಿನೊಳಗೇ ಇತ್ತು, ಅದಕ್ಕೆ ಊಟ ಹಾಕಬೇಕಾಗಿರಲಿಲ್ಲ, ಕಾಸಬೇಕಾಗಿರಲಿಲ್ಲ. ಮೌನ ಬಂದ ಕೂಡಲೇ ಮಂದಿ ಆ ಅಂಕಿಯನ್ನು ಒಟ್ಟಾಗಿ ಕೂಗುವುದು ಒಂದು ಆಟವಾಯಿತು. ಅಂಗಿಗಳ ಮೇಲೆ ಅಚ್ಚಾಯಿತು. ಅದು ಯಾರದೋ ವಯಸ್ಸು ಎಂದರು ಕೆಲವರು. ಹಳೆಯ ಲಾರಿಯ ನಂಬರು ಎಂದರು ಕೆಲವರು. ಹೊಲದ ಸರ್ವೇ ನಂಬರು, ಅದಕ್ಕಾಗಿ ಕೊಲೆಯಾಗಿತ್ತು ಎಂದೂ ಒಂದು ಕತೆ ಹುಟ್ಟಿತು.

ಪ್ರಯೋಗಾಲಯದಲ್ಲಿ ಒಂದು ದಿನ ಲೋಲಕದ ರೀಡಿಂಗು ತೆಗೆಯುತ್ತಿದ್ದ ಹುಡುಗಿಯೊಬ್ಬಳು ಸೆಕೆಂಡುಗಳನ್ನು ಜೋರಾಗಿ ಓದುತ್ತಿದ್ದಾಗ ಆ ಅಂಕಿ ಬಂತು. ಇಡೀ ತಂಡ ಒಂದೇ ದನಿಯಲ್ಲಿ ಕೂಗಿ ಮೇಜು ಬಡಿಯಿತು.

"ಸರ್, ಅಷ್ಟಕ್ಕೂ ಅದು ಏನ್ರಿ? ನೀವೂ ಮೊದಲ ಆ ಬ್ಯಾಂಡಿನ್ಯಾಗ ಇದ್ರಂತಲ್ಲ?"

"ಅದು ಒಂದು ರೀಡಿಂಗು," ಎಂದ ಸುನೀಲಕುಮಾರ.

"ಯಾವುದರದ್ದು ಸರ್?"

"ಪೂರ್ತಿ ಆಗದ ಪ್ರಯೋಗದ್ದು. ಮುಂದಿಂದು ಓದವಾ."

ಜನವರಿಯಲ್ಲಿ ಸಂಗಮೇಶನ ಫೋನು ಬಂತು, ಐದು ತಿಂಗಳ ಮೇಲೆ. ಫೆಬ್ರುವರಿಯಲ್ಲಿ ಬಸವನ ಬಾಗೇವಾಡಿಯಲ್ಲಿ ದೊಡ್ಡ ಕಾರ್ಯಕ್ರಮ. ಹಲಗಿ ಟ್ರ್ಯಾಕಿನಿಂದಲೇ ಬರುತ್ತದೆ. ಆದರೆ ಮಂದಿಗೆ ಕಣ್ಣಿಗೆ ಹಲಗಿಯವ ಕಾಣಬೇಕು.

"ನೀನ ಬಾರೋ ದೋಸ್ತ. ಬ್ಯಾರೆಯವರನ್ನ ಯಾಕ ಕರಸೂನು? ಬಾರಿಸೂದೇನಿಲ್ಲ, ಕೈ ಆಡಿಸಿದ್ರ ಸಾಕು. ಕರಿ ದೋತರಾ, ಬರಿಗಾಲು. ಒಂದೀಟು ಕುಣೀಬೇಕು."

"ಕುರ್ಚಿ?"

"ಕುರ್ಚಿ ಕ್ಯಾಮೆರಾಕ್ಕ ಚಂದ ಕಾಣಂಗಿಲ್ಲಂತ. ನಿಂತಿರಬೇಕು."

"ಹಂಗಾರ ಬ್ಯಾಡ."

"ನೋಡು ಮತ್ತ. ನಿನ್ನ ಜಾಗಾ ಅಂತ ಕೇಳಿದೆ."

ಸುನೀಲಕುಮಾರ ಬರುವುದಿಲ್ಲ ಎಂದ. ಆದರೂ ಹೋದ, ವೇದಿಕೆಗಲ್ಲ, ಮೈದಾನಕ್ಕೆ. ಯಾಕೆ ಹೋದ ಎಂದು ಪ್ರಜ್ಞಾ ಆಮೇಲೆ ಕೇಳಿದಾಗ, ಇನ್ನೊಂದು ಸಲ ನೋಡಿ ಖಾತ್ರಿ ಮಾಡಿಕೊಳ್ಳೋಣ ಅನ್ನಿಸಿತು ಎಂದಿದ್ದಾನೆ. ಬೈಕಿನ ಹಿಂದೆ ಅಭ್ಯಾಸ ಬಲದಿಂದ ಕುರ್ಚಿ ಕಟ್ಟಿಕೊಂಡಿದ್ದ. ಮೈದಾನದಲ್ಲಿ ಅದನ್ನು ಬಿಚ್ಚಲು ಜಾಗವಿರಲಿಲ್ಲ. ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ಮಂದಿಯ ನಡುವೆ ನಿಂತ.

ವೇದಿಕೆಯ ಮೇಲೆ ಅವನ ಜಾಗದಲ್ಲಿ ಒಬ್ಬ ಕಟ್ಟುಮಸ್ತಾದ ಹುಡುಗ ಬರಿಗಾಲಲ್ಲಿ ಕುಣಿಯುತ್ತಿದ್ದ. ಕೈಯಲ್ಲಿ ಫೈಬರಿನ ಹಲಗಿ. ಕೋಲು ತೊಗಲಿಗೆ ತಾಗುತ್ತಲೂ ಇರಲಿಲ್ಲ, ಅದಕ್ಕೆ ತೊಗಲೂ ಇರಲಿಲ್ಲ. ಹಾಡು ನೂರರಲ್ಲಿ ಶುರುವಾಗಿ ನೂರರಲ್ಲಿ ಹೋಗುತ್ತಿತ್ತು. ಸುನೀಲಕುಮಾರನ ಬಲಗೈ ತೊಡೆಯ ಮೇಲೆ ತಾನಾಗಿ ಏರಿತು. ಅವನು ಆ ಕೈಯನ್ನು ಜೇಬಿನಲ್ಲಿ ಹಾಕಿಕೊಂಡ. ಪಕ್ಕದಲ್ಲಿ ಇಂಗಳೇಶ್ವರದಿಂದ ಬೈಕಿನ ಮೇಲೆ ಬಂದ ಗುಂಪೊಂದಿತ್ತು. ಒಬ್ಬ ಅವನ ಭುಜಕ್ಕೆ ತಟ್ಟಿದ.

"ಯಾಕ್ರಿ ಸರ, ಮಣ್ಣಿಗೆ ಬಂದಾವ್ರಂಗ ನಿಂತೀರಿ? ಬಾಯಿ ತೆಗೀರಿ. ಈಗ ಬರ್ತೈತಿ ನೋಡ್ರಿ ಮಜಾ!"

ಭುವನೇಶ್ವರಿ ಮೈಕು ಹಿಡಿದು ವೇದಿಕೆಯ ಅಂಚಿಗೆ ಬಂದಳು. ಅವಳ ಕಣ್ಣು ಮಂದಿಯ ಮೇಲೆ ಹಾಯುತ್ತ ಬಂದು ಅವನ ಮೇಲೆ ನಿಂತಿತು. ಗುರುತು ಹಿಡಿದಳು. ಒಂದು ಸಾಲು ತಪ್ಪಿದಳು, ಸಂಗಮೇಶ ಗಿಟಾರಿನಿಂದ ಅದನ್ನು ಮುಚ್ಚಿದ. ಆಮೇಲೆ ಅವಳು ಕಣ್ಣನ್ನು ದೂರದ ದೀಪಗಳ ಕಡೆ ಎತ್ತಿ, ಟೀಚರು ಮಗ್ಗಿ ಕೇಳುವ ದನಿಯಲ್ಲಿ ಕೂಗಿದಳು.

"ಬಾಗೇವಾಡೀ, ಎಷ್ಟು?"

ವಾದ್ಯಗಳು ನಿಂತವು. ಸಾವಿರಾರು ಮಂದಿ ಉಸಿರು ತುಂಬಿಕೊಂಡರು. ಸುನೀಲಕುಮಾರ ಬಾಯಿ ಬಿಗಿ ಹಿಡಿದುಕೊಂಡು ನಿಂತ. ಆದರೂ ವೇದಿಕೆಯ ಎರಡೂ ಕಡೆ ಮನೆಯೆತ್ತರ ಪೇರಿಸಿದ ಸ್ಪೀಕರುಗಳಿಂದ, ಮೂವತ್ತನಾಲ್ಕು ಮೆಟ್ಟಿಲು ಓಡಿ ಇಳಿದ ಏದುಸಿರಿನಲ್ಲಿ, ಅವನದೇ ದನಿ ಬಂತು:

"ಅರವತ್ತೊಂದು."